ಸೋಲಾರ್ ಗೂಡಿನ ಹಿಂದಿನ ಇನ್ನೂರೈವತ್ತು ವರ್ಷ

ನಮ್ಮ ಕಡೆ ‘ಸೋಲಾರ್’ ಅಂದರೆ ಕರೆಂಟಿನ ಪ್ಯಾನೆಲ್ ಅಲ್ಲ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು. ಘಟ್ಟದ ಮೇಲಿನ ನೆಂಟರು ಬಂದರೆ ಇದನ್ನು ಒಮ್ಮೆ ಬಿಡಿಸಿ ಹೇಳಬೇಕಾಗ್ತದೆ. ಪುತ್ತೂರು, ಸುಳ್ಯ, ಬೆಳ್ತಂಗಡಿ ಎಲ್ಲಿ ಹೋದರೂ ಅಂಗಳದಲ್ಲಿ ಕಬ್ಬಿಣದ ಪೈಪೋ ಅಡಿಕೆ ಮರದ ಸಲಾಕೆಯೋ ನಿಲ್ಲಿಸಿ, ಮೇಲೆ ಯು.ವಿ. ಶೀಟ್ ಎಳೆದು ಕಟ್ಟಿದ ಗೂಡು ಒಂದು ಕಾಣ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಇದು ಇರ್ಲಿಲ್ಲ. ಸೆಗಣಿ ಸಾರಿಸಿದ ಅಂಗಳ, ಅದರ ಮೇಲೆ ಅಡಿಕೆ, ಆಕಾಶ ನೋಡ್ತಾ ಕೂರುವ ಒಬ್ಬ ಮುದುಕ. ಅಷ್ಟೇ ಇದ್ದದ್ದು.

ಈಗ ಪ್ರಶ್ನೆ ಬೇರೆ ಬಂದಿದೆ. ಸಂಪಾಜೆ, ಮರ್ಕಂಜ ಕಡೆ ಹಳದಿ ಎಲೆ ರೋಗಕ್ಕೆ ತೋಟವೇ ಹೋದವರಿದ್ದಾರೆ. ಎಲೆಚುಕ್ಕಿ ರೋಗ ಇನ್ನೊಂದು ಕಡೆಯಿಂದ ಬರ್ತಾ ಉಂಟು. ಅಡಿಕೆ ಅರ್ಧ ಆದವರ ಮನೆಯಲ್ಲಿ ಗೂಡು ಅರ್ಧ ಖಾಲಿ. ಅದೇ ಮನೆಯ ಹಿತ್ತಿಲಲ್ಲಿ ಹಲಸು ಬಿದ್ದು ಕೊಳೀತದೆ, ಬಾಳೆಗೊನೆಗೆ ರೇಟಿಲ್ಲ ಅಂತ ದನಕ್ಕೆ ಹಾಕ್ತೇವೆ. “ಗೂಡಿನಲ್ಲಿ ಅಡಿಕೆ ಬಿಟ್ಟು ತಿನ್ನುವ ವಸ್ತು ಒಣಗಿಸಿ ಮಾರಬಹುದಾ?” ಅಂತ ಸುಮಾರು ಜನ ಕೇಳಿದ್ದಾರೆ.

ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ. ಈ ಪ್ರಶ್ನೆಯನ್ನು ಲೋಕದ ಬೇರೆ ಬೇರೆ ಕಡೆಯ ರೈತರು ಅರವತ್ತು ವರ್ಷದಿಂದ ಕೇಳ್ತಾ ಬಂದಿದ್ದಾರೆ. ಕೆಲವು ಕಡೆ ಊರೇ ಎದ್ದು ನಿಂತಿದೆ, ಕೆಲವು ಕಡೆ ಡ್ರೈಯರ್ ಕೋಳಿಗೂಡಾಗಿದೆ. ಯಾಕೆ ಹಾಗಾಯ್ತು ಅಂತ ತಿಳಿದುಕೊಂಡರೆ ನಮ್ಮ ದುಡ್ಡು ಉಳಿದೀತು. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರು ಮಾಡ್ತೇನೆ.

ಬಿಸಿಲು ಇಲ್ಲದಾಗ ಹಿರಿಯರು ಏನು ಮಾಡ್ತಿದ್ದರು

ಕರಾವಳಿಯಲ್ಲಿ ಒಣಗಿಸುವುದಕ್ಕೆ ಒಂದು ಕ್ಯಾಲೆಂಡರ್ ಉಂಟು. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಾಗ ಇದು. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಬಿಸಿಲು ಸಿಗುವ ತಿಂಗಳಲ್ಲಿ ಎಲ್ಲವನ್ನೂ ಮುಗಿಸಬೇಕು. ಚಳಿಗಾಲದಲ್ಲಿ ಅಡಿಕೆ, ಅದರ ಹಿಂದೆ ಕಾಳುಮೆಣಸು. ಬೇಸಗೆಯಲ್ಲಿ ಬಾಳಕದ ಮೆಣಸು, ಸಂಡಿಗೆ, ಹಲಸಿನಕಾಯಿ ಹಪ್ಪಳ. ಮೇ ತಿಂಗಳಲ್ಲಿ ಪುನರ್ಪುಳಿ ಸಿಪ್ಪೆ, ಮಾವಿನ ಮಾಂಬಳ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ.

ಮಳೆ ಹಿಡಿದ ಮೇಲೆ ಅಜ್ಜಿಯಂದಿರು ಒಣಗಿಸುವ ಗೋಜಿಗೇ ಹೋಗ್ತಿರಲಿಲ್ಲ. ಹಲಸಿನ ಸೊಳೆ ಉಪ್ಪುನೀರಿನ ಭರಣಿಗೆ ಹೋಗ್ತಿತ್ತು, ಮಾವಿನಮಿಡಿಯೂ ಹಾಗೇ. ಒಣಗಿಸಲೇಬೇಕಾದದ್ದು ಒಲೆಯ ಮೇಲಿನ ಹೊಗೆ ಅಟ್ಟಕ್ಕೆ. ಬಿಸಿಲು, ಉಪ್ಪು, ಹೊಗೆ ಈ ಮೂರರಲ್ಲಿ ಯಾವುದಕ್ಕೆ ಯಾವುದು ಅಂತ ಅವರು ಸರಿಯಾಗಿ ವಿಂಗಡಿಸಿ ಇಟ್ಟಿದ್ದರು.

ಘಟ್ಟದ ಮೇಲೂ ಆಯಾ ಊರಿಗೆ ಆಯಾ ಉಪಾಯ. ತಿಪಟೂರಿನ ಉಂಡೆಕೊಬ್ಬರಿಗೆ ಬಿಸಿಲೇ ಬೇಡ. ಬಲಿತ ತೆಂಗಿನಕಾಯಿಯನ್ನು ಅಟ್ಟದಲ್ಲಿ ಎಂಟರಿಂದ ಹನ್ನೆರಡು ತಿಂಗಳು ಇಟ್ಟರೆ ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪು ಬಿಡ್ತದೆ. ಒಣ ಹವೆಯ ಊರಾದ್ದರಿಂದ ಅದು ಸಾಧ್ಯ, ನಮ್ಮಲ್ಲಿ ಹಾಗೆ ಇಟ್ಟರೆ ಬೂಸ್ಟು ಹಿಡಿದೀತು. ಯಲ್ಲಾಪುರ, ಶಿರಸಿ ಕಡೆಯವರು ಹಣ್ಣುಬಾಳೆಯನ್ನು ಸುಕೇಳಿ ಮಾಡಿ ಮಾರುವುದು ಬಹಳ ಕಾಲದಿಂದ ನಡೆದು ಬಂದದ್ದು.

ಹೊಗೆ ಮತ್ತು ಬೆಂಕಿಯ ದಾರಿಗೆ ಒಂದು ಬೆಲೆ ಉಂಟು. ಉತ್ತರ ಕನ್ನಡದ ಉಪ್ಪಾಗೆಯನ್ನೇ ನೋಡಿ. ಅದು ಹಣ್ಣಾಗುವುದೇ ಮಳೆಗಾಲದಲ್ಲಿ. ಮೊದಲು ಮನೆಯ ಸಾರಿಗೆ ಬೇಕಾದಷ್ಟು ಸಿಪ್ಪೆ ಒಲೆಯ ಮೇಲೆ ಒಣಗ್ತಿತ್ತು. 1990ರ ದಶಕದಲ್ಲಿ ಮೈ ತೂಕ ಇಳಿಸುವ ಔಷಧಿಗೆ ಅದರ ಸಿಪ್ಪೆಗೆ ವಿದೇಶದಿಂದ ಬೇಡಿಕೆ ಬಂತು. ಆಗ ಕಾಡಿನಂಚಿನಲ್ಲಿ ರಾಶಿ ರಾಶಿ ಸೌದೆ ಉರಿಸಿ ಒಣಗಿಸ್ಲಿಕ್ಕೆ ಹೊರಟರು. ಹಣ್ಣಿನಿಂದ ದುಡ್ಡು ಬಂತು, ಆದರೆ ಹಣ್ಣು ಕೊಡುವ ಕಾಡೇ ಒಲೆಗೆ ಹೋಗುವ ಸ್ಥಿತಿ. ಸೌದೆ ಕಡಿಮೆ ತಿನ್ನುವ ಒಲೆ-ಡ್ರೈಯರುಗಳ ಯೋಚನೆ ಅಲ್ಲಿ ಹುಟ್ಟಿದ್ದು ಈ ಸಂಕಟದಿಂದಲೇ.

ಗಾಜಿನ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಶೀಟಿಗೆ

ಸೂರ್ಯನ ಶಾಖವನ್ನು ಪೆಟ್ಟಿಗೆಯೊಳಗೆ ಹಿಡಿದು ಅಳೆದು ನೋಡಿದವರಲ್ಲಿ ಮೊದಲಿಗೆ ಹೆಸರು ಬರುವುದು ಜಿನೀವಾದ ಹೊರೇಸ್ ದ ಸೊಸ್ಯೂರ್ ಅವರದ್ದು. 1767ರಲ್ಲಿ ಅವರು ಒಂದರೊಳಗೆ ಒಂದು ಕೂರುವ ಐದು ಗಾಜಿನ ಪೆಟ್ಟಿಗೆಗಳನ್ನು ಕಪ್ಪು ಮೇಜಿನ ಮೇಲೆ ಬಿಸಿಲಿಗಿಟ್ಟರು. ಒಳಗಿಟ್ಟ ಹಣ್ಣು ಬೆಂದು ರಸ ಬಿಟ್ಟಿತು. ಆಮೇಲೆ ಸುತ್ತ ಶಾಖ ಹೋಗದ ಹಾಗೆ ಕಟ್ಟಿದ ಪೆಟ್ಟಿಗೆಯಲ್ಲಿ ನೀರು ಕುದಿಯುವುದಕ್ಕಿಂತಲೂ ಹೆಚ್ಚಿನ ಶಾಖ ಸಿಕ್ಕಿತು. ಅದನ್ನು ಹೊತ್ತುಕೊಂಡು ಪರ್ವತದ ತುದಿಗೂ ಹೋದರು. ಮೇಲೆ ಹವೆ ಕೊರೆಯುವ ಚಳಿ, ಆದರೆ ಪೆಟ್ಟಿಗೆಯೊಳಗಿನ ಶಾಖ ಹೆಚ್ಚುಕಡಿಮೆ ಕೆಳಗಿನಷ್ಟೇ ಇತ್ತು. ಹೊರಗೆ ಸೆಖೆ ಉಂಟೋ ಚಳಿಯೋ ಎನ್ನುವುದಕ್ಕಿಂತ ಬಿಸಿಲು ನೇರ ಬೀಳ್ತದಾ ಎನ್ನುವುದೇ ಮುಖ್ಯ ಅಂತ ಗೊತ್ತಾಯ್ತು. ನಮ್ಮ ಗೂಡು ಡಿಸೆಂಬರ್ ಚಳಿಯಲ್ಲಿ ಚೆನ್ನಾಗಿ ಕೆಲಸ ಮಾಡಿ, ಮೇ ತಿಂಗಳ ಮೋಡದ ಸೆಖೆಯಲ್ಲಿ ಕೈಕೊಡುವುದೂ ಇದೇ ಕಾರಣಕ್ಕೆ.

ಇಷ್ಟು ಗೊತ್ತಿದ್ದೂ ರೈತರ ಅಂಗಳಕ್ಕೆ ಬರ್ಲಿಕ್ಕೆ ಇನ್ನೂರು ವರ್ಷ ಹಿಡಿಯಿತು. ಗಾಜಿಗೆ ಕೊಡುವ ದುಡ್ಡು ಯಾವ ರೈತನ ಹತ್ತಿರ ಇತ್ತು? ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಎಮರಿ ಎಮ್ಮರ್ಟ್ ಎಂಬ ಪ್ರೊಫೆಸರರಿಗೂ ಹಸಿರುಮನೆಗೆ ಗಾಜು ಹಾಕಿಸ್ಲಿಕ್ಕೆ ದುಡ್ಡು ಸಾಲದೆ, 1948ರಲ್ಲಿ ಮರದ ಚೌಕಟ್ಟಿಗೆ ಸೆಲ್ಲೋಫೇನ್ ಹಾಳೆ ಹೊದೆಸಿದರು. ಸ್ವಲ್ಪ ಸಮಯದಲ್ಲೇ ಪಾಲಿಥೀನ್ ಶೀಟಿಗೆ ಬಂದರು. ಮಾಮೂಲಿ ಪಾಲಿಥೀನ್ ಬಿಸಿಲಿಗೆ ಒಂದೇ ವರ್ಷದಲ್ಲಿ ಪುಡಿಯಾಗ್ತದೆ. ಅದಕ್ಕೆ ಅತಿನೇರಳೆ ಕಿರಣ ತಡೆಯುವ ವಸ್ತು ಬೆರೆಸಿದ ಮೇಲೆ ಮೂರು-ನಾಲ್ಕು ವರ್ಷ ಬಾಳುವ ಯು.ವಿ. ಶೀಟ್ ಬಂತು. ನಾವು ಎಳೆದು ಕಟ್ಟುವ 200 ಮೈಕ್ರಾನ್ ಶೀಟ್ ಹೂ, ತರಕಾರಿಯ ಪಾಲಿಹೌಸಿಗೆ ಅಂತ ತಯಾರಾದ ಮಾಲು. ಅದನ್ನು ಅಡಿಕೆ ಅಂಗಳಕ್ಕೆ ತಂದದ್ದು ನಮ್ಮ ರೈತರದ್ದೇ ಬುದ್ಧಿ.

ಸತ್ತ ಟರ್ಕಿ ಕೋಳಿಗಳು

ಒಣಗಿಸುವುದು ಬರೀ ಕೊಳೆಯದಂತೆ ಇಡುವ ಉಪಾಯ ಅಂತ ಇದ್ದ ತಿಳುವಳಿಕೆ ಬದಲಾದದ್ದು 1960ರಲ್ಲಿ. ಆ ವರ್ಷ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಕಾರಣ ಗೊತ್ತಾಗದೆ ಸತ್ತವು. ಹುಡುಕುತ್ತಾ ಹೋದಾಗ ಮೇವಿಗೆ ಹಾಕಿದ್ದ ನೆಲಗಡಲೆ ಹಿಂಡಿಯಲ್ಲಿ ಬೂಸ್ಟಿನ ವಿಷ ಸಿಕ್ಕಿತು. ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ ಹೆಸರಿನಿಂದಲೇ ಅದಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ಪಿತ್ತಜನಕಾಂಗ ಹಾಳು ಮಾಡುವ, ಕ್ಯಾನ್ಸರ್ ತರುವ ವಿಷ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಬೂಸ್ಟನ್ನು ಉಜ್ಜಿ ತೆಗೆದು ಮತ್ತೆ ಬಿಸಿಲಿಗೆ ಹಾಕಿದರೆ ಕಣ್ಣಿಗೆ ಚೆಂದ ಕಂಡೀತು, ವಿಷ ಅಲ್ಲೇ ಇರ್ತದೆ.

ಅಲ್ಲಿಂದ ಮುಂದೆ ಮೆಣಸು, ನೆಲಗಡಲೆ, ಜಾಯಿಕಾಯಿ, ಒಣಹಣ್ಣು ಕೊಳ್ಳುವ ದೇಶಗಳೆಲ್ಲ ಈ ವಿಷಕ್ಕೆ ಮಿತಿ ಹಾಕಿದವು. ಒಣಗಿದೆಯಾ ಎನ್ನುವುದರ ಜೊತೆಗೆ ಎಷ್ಟು ಬೇಗ ಒಣಗಿತು, ನೆಲಕ್ಕೆ ತಾಗದೆ ಒಣಗಿತಾ, ನಡುವೆ ಮಳೆಗೆ ನೆನೆಯಿತಾ ಎನ್ನುವುದೂ ಲೆಕ್ಕಕ್ಕೆ ಬಂತು. ಅಡಿಕೆಯಲ್ಲಿ ನೆನೆದ ಮಾಲು ಕರಿಗೋಟು ಅಂತ ಕಡಿಮೆ ರೇಟಿಗಾದರೂ ಹೋಗ್ತದೆ. ತಿನ್ನುವ ವಸ್ತುವಿನಲ್ಲಿ ಕರಿಗೋಟು ಅಂತ ಒಂದು ವರ್ಗವೇ ಇಲ್ಲ, ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಕು. ಗೂಡಿಗೆ ಬಾಳೆಕಾಯಿ ಹಾಕುವ ಮೊದಲು ಈ ವ್ಯತ್ಯಾಸ ಮನಸ್ಸಿಗೆ ಬರಬೇಕು.

ಬಾರ್ಬಡೋಸಿನ ಪೆಟ್ಟಿಗೆ ಯಾಕೆ ಮೂಲೆ ಸೇರಿತು

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಬ್ರೇಸ್ ಸಂಶೋಧನಾ ಸಂಸ್ಥೆ ಅಂತ ಒಂದಿತ್ತು. ಬಡ ದೇಶಗಳ ಒಣ ಪ್ರದೇಶಗಳಿಗೆ ನೀರು, ಗಾಳಿ, ಬಿಸಿಲಿನ ತಂತ್ರ ಹುಡುಕುವುದು ಅದರ ಕೆಲಸ ಆಗಿತ್ತು. ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ ಅವರ ಪ್ರಯೋಗ ಕೇಂದ್ರ ಇತ್ತು. 1960ರ ದಶಕದ ನಡುವಿನಲ್ಲಿ ಅವರು ರೈತನೇ ಕಟ್ಟಿಕೊಳ್ಳಬಹುದಾದ ಒಂದು ಡ್ರೈಯರ್ ಪೆಟ್ಟಿಗೆಯ ವಿವರ ಹೊರತಂದರು. ಮರದ ಪೆಟ್ಟಿಗೆ, ಒಳಗೆ ಕಪ್ಪು ಬಣ್ಣ, ಮೇಲೆ ಇಳಿಜಾರಾಗಿ ಗಾಜು ಅಥವಾ ಪ್ಲಾಸ್ಟಿಕ್. ಅಡಿಯಲ್ಲಿ ತೂತು, ಮೇಲ್ಬದಿಯಲ್ಲಿ ತೂತು, ನಡುವೆ ಜಾಲರಿ ಹಲಗೆ. ಕೆಳಗಿನಿಂದ ಬಂದ ಗಾಳಿ ಬಿಸಿಯಾಗಿ, ಹಣ್ಣಿನ ತೇವ ಎಳೆದುಕೊಂಡು ಮೇಲಿನಿಂದ ಹೊರಗೆ ಹೋಗ್ತದೆ. ಇವತ್ತು ಕೃಷಿಮೇಳದ ಸ್ಟಾಲಿನಲ್ಲಿ ನೋಡುವ ಎಷ್ಟೋ ಪೆಟ್ಟಿಗೆಗಳು ಅದರ ಮೊಮ್ಮಕ್ಕಳೇ.

1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದಾಗ ಡೀಸೆಲ್, ಸೀಮೆಎಣ್ಣೆ ರೇಟು ಏರಿತು. ಬಿಸಿಲನ್ನು ಬಳಸುವ ಮಾತು ಲೋಕದಲ್ಲೆಲ್ಲ ಶುರುವಾಯ್ತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ‘ಅಸ್ತ್ರ’ ಕಟ್ಟಿದ್ದು 1974ರಲ್ಲಿ. 1978ರ ಹೊತ್ತಿಗೆ ಬ್ಯಾಂಕಾಕಿನ ಏಷ್ಯನ್ ತಂತ್ರಜ್ಞಾನ ಸಂಸ್ಥೆಯಲ್ಲಿ ಎಕ್ಸೆಲ್ ಎಂಬವರು ಬಿದಿರು ಮತ್ತು ಪ್ಲಾಸ್ಟಿಕ್ ಶೀಟಿನ ಭತ್ತದ ಡ್ರೈಯರ್ ತೋರಿಸಿದರು. ನೆಲದ ಮೇಲೆ ಸುಟ್ಟ ಹೊಟ್ಟಿನ ಕರಿ, ಮೇಲೆ ಶೀಟ್, ಬಿಸಿಗಾಳಿ ಎಳೆಯಲು ಎತ್ತರದ ಚಿಮಣಿ. ಎರಡನೇ ಬೆಳೆಯ ಭತ್ತ ಮಳೆಯಲ್ಲೇ ಕೊಯ್ಲಿಗೆ ಬರ್ತಾ ಇದ್ದದ್ದು ಅಲ್ಲಿಯ ತೊಂದರೆ.

ಇವೆಲ್ಲ ಕೆಲಸ ಮಾಡಿದ ಡ್ರೈಯರುಗಳೇ. ಆದರೂ ಪೆಟ್ಟಿಗೆ ಡ್ರೈಯರನ್ನು ಇಟ್ಟುಕೊಂಡು ದುಡ್ಡು ಮಾಡಿದ ರೈತರು ಸಿಗುವುದು ಅಪರೂಪ. ಕಾರಣ ಒಂದು ಸಣ್ಣ ಲೆಕ್ಕದಲ್ಲಿ ಉಂಟು.

ಒಂದು ಲೀಟರ್ ನೀರು ಆವಿಯಾಗ್ಲಿಕ್ಕೆ ಸುಮಾರು 0.67 ಯೂನಿಟ್ ಶಾಖ ಬೇಕು. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಶಾಖ ಸುಮಾರು 5 ಯೂನಿಟ್. ಇದರಲ್ಲಿ ಕಾಲು ಭಾಗ ನಿಜವಾಗಿ ನೀರು ಎಳೆಯಿತು ಅಂತ ಇಟ್ಟುಕೊಳ್ಳಿ, ಚದರ ಮೀಟರಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡು ಲೀಟರ್ ನೀರು ಹೋದೀತು. ಸಿಪ್ಪೆ ತೆಗೆದ 100 ಕಿಲೋ ಬಾಳೆಕಾಯಿಯಲ್ಲಿ ನೂರಕ್ಕೆ 70 ನೀರು. ಅದನ್ನು ನೂರಕ್ಕೆ 10ಕ್ಕೆ ಇಳಿಸಬೇಕಾದರೆ 66 ಲೀಟರಿಗೂ ಮಿಕ್ಕಿ ನೀರು ಹೊರಗೆ ಹೋಗಬೇಕು, ಕೈಗೆ ಸಿಗುವುದು 33 ಕಿಲೋ. ಎರಡು ಚದರ ಮೀಟರಿನ ಪೆಟ್ಟಿಗೆಗೆ ಇದು ಹದಿನೈದು ದಿನಕ್ಕೂ ಹೆಚ್ಚಿನ ಕೆಲಸ. ಮನೆಯ ಹಪ್ಪಳ-ಸಂಡಿಗೆಗೆ ಸರಿ, ಒಂದು ಗೊನೆಗೂ ಸರಿ. ವ್ಯಾಪಾರಕ್ಕೆ ಬೇಕಾದಷ್ಟು ಮಾಲು ಅದರಿಂದ ಬರುವುದಿಲ್ಲ. ಎರಡು ದಿನ ಮೋಡ ಮುಚ್ಚಿದರೆ ಇದ್ದದ್ದೂ ಹುಳಿಯಾಗ್ತದೆ. ಸಬ್ಸಿಡಿಯಲ್ಲಿ ಬಂದ ಪೆಟ್ಟಿಗೆ ಮೂಲೆ ಸೇರುವುದು ಜನರ ಸೋಮಾರಿತನದಿಂದ ಅಂತ ಹೇಳುವವರಿದ್ದಾರೆ. ಈ ಲೆಕ್ಕ ಹಾಕಿ ನೋಡಿದರೆ ಸೋಮಾರಿತನದ ಮಾತು ನಿಲ್ಲುವುದಿಲ್ಲ.

ಫ್ಯಾನು, ಆಮೇಲೆ ದೊಡ್ಡ ಗುಮ್ಮಟ

1980ರ ದಶಕದಲ್ಲಿ ಜರ್ಮನಿಯ ಹೋಹನ್‌ಹೈಮ್ ವಿಶ್ವವಿದ್ಯಾಲಯದವರು ಎರಡು ಬದಲಾವಣೆ ಮಾಡಿದರು. ಪೆಟ್ಟಿಗೆ ಬಿಟ್ಟು ಎರಡು ಮೀಟರ್ ಅಗಲ, ಹದಿನೆಂಟು-ಇಪ್ಪತ್ತು ಮೀಟರ್ ಉದ್ದದ ಸುರಂಗ ಮಾಡಿದರು. ಮೊದಲ ಅರ್ಧದಲ್ಲಿ ಗಾಳಿ ಬಿಸಿಯಾಗುವುದು, ಉಳಿದ ಅರ್ಧದಲ್ಲಿ ಹಣ್ಣು ಒಣಗುವುದು. ಗಾಳಿ ತಳ್ಳಲು ಸಣ್ಣ ಫ್ಯಾನು, ಫ್ಯಾನಿಗೆ ಸಣ್ಣ ಸೋಲಾರ್ ಪ್ಯಾನೆಲ್. ಬಿಸಿಲು ಜೋರಾದರೆ ಫ್ಯಾನೂ ಜೋರು, ಮೋಡ ಬಂದರೆ ತಾನೇ ನಿಧಾನ. ಬೇರೆ ಕಂಟ್ರೋಲೇ ಬೇಡ. ಗ್ರೀಸಿನ ದ್ರಾಕ್ಷಿಯಿಂದ ಶುರುವಾಗಿ ಅದು ಹಲವು ದೇಶಗಳಿಗೆ ಹೋಯ್ತು.

ನಮಗೆ ಹತ್ತಿರದ ಕಥೆ ಥಾಯ್ಲೆಂಡಿನದ್ದು. ಅಲ್ಲಿಯ ಪಿತ್ಸನುಲೋಕ್ ಪ್ರಾಂತ್ಯದ ಬಾಂಗ್ ಕ್ರಥುಮ್ ಒಣಬಾಳೆಗೆ ಹೆಸರಾದ ಊರು. ಬಿದಿರಿನ ತಟ್ಟಿಯ ಮೇಲೆ ಬಯಲಿನಲ್ಲಿ ಬಾಳೆಹಣ್ಣು ಒಣಗಿಸುವುದು ಅಲ್ಲಿಯ ಕಸುಬು. ನೊಣ, ಧೂಳು, ಮಳೆ ಮೂರೂ ಕಾಟ. ಸಿಲ್ಪಕೋರ್ನ್ ವಿಶ್ವವಿದ್ಯಾಲಯದ ಸೆರ್ಮ್ ಜನ್‌ಜೈ ಮತ್ತು ಅವರ ತಂಡ ಪಾಲಿಕಾರ್ಬೊನೇಟ್ ಹಾಳೆಯ ಗುಮ್ಮಟದಂಥ ಮನೆ ಕಟ್ಟಿದರು. ಸಿಮೆಂಟು ನೆಲ, ಒಂದು ಬದಿಯಲ್ಲಿ ಗಾಳಿ ಬರುವ ಕಿಂಡಿ, ಎದುರಿನ ಬದಿಯಲ್ಲಿ ಪ್ಯಾನೆಲಿನಿಂದ ಓಡುವ ಫ್ಯಾನುಗಳು. 2009ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ನೂರಕ್ಕೆ 68 ತೇವ ಇದ್ದ ಬಾಳೆಹಣ್ಣು ನಾಲ್ಕು ದಿನದಲ್ಲಿ 20ಕ್ಕೆ ಇಳಿಯಿತು, ಬಯಲಿನಲ್ಲಿ ಅದಕ್ಕೆ ಐದಾರು ದಿನ ಬೇಕಾಯ್ತು. ದಿನದ ಉಳಿತಾಯ ನೋಡಿದರೆ ಸಣ್ಣದು. ಲಾಭ ಆದದ್ದು ಬಣ್ಣದಲ್ಲಿ, ಚೊಕ್ಕತನದಲ್ಲಿ, ಮಳೆ ಬಂದರೆ ಓಡಿ ಹೋಗಿ ಒಳಗೆ ತರುವ ಕೆಲಸ ಇಲ್ಲದ್ದರಲ್ಲಿ. ಆಮೇಲೆ ಅಲ್ಲಿಯ ಸರ್ಕಾರವೇ ಖರ್ಚಿನ ಪಾಲು ಕೊಟ್ಟು ಇಂಥ ಮನೆಗಳನ್ನು ಬೇರೆ ಬೇರೆ ಊರಿಗೆ ಹಬ್ಬಿಸಿತು.

ಇಲ್ಲಿ ಒಂದು ವಿಷಯ ಗಮನಿಸಿ. ಬಾಂಗ್ ಕ್ರಥುಮಿಗೆ ಡ್ರೈಯರ್ ಬರುವ ಮೊದಲೇ ಒಣಬಾಳೆ ಕೊಳ್ಳುವವರಿದ್ದರು. ಹಳೆಯ ಕಸುಬಿಗೆ ಮೇಲೊಂದು ಸೂರು ಬಂತು ಅಷ್ಟೇ. ನಮ್ಮ ಅಡಿಕೆ ಗೂಡು ಗೆದ್ದದ್ದೂ ಹೀಗೇ. ಚಾಲಿ ಅಡಿಕೆ ಅಂಗಳದಲ್ಲಿ ಒಣಗ್ಲಿಕ್ಕೆ ನಲವತ್ತು-ನಲವತ್ತೈದು ದಿನ. ಕೊಳ್ಳುವ ವ್ಯವಸ್ಥೆ ಗಟ್ಟಿ ಉಂಟು, ಕ್ಯಾಂಪ್ಕೊ 1973ರಿಂದ ನಿಂತಿದೆ, ಪೇಟೆಯಲ್ಲಿ ಅಂಗಡಿಗಳಿವೆ. ನವೆಂಬರಿನಲ್ಲಿ ಬರುವ ಅಕಾಲದ ಮಳೆಯಿಂದ ಒಂದು ಅಂಗಳ ಅಡಿಕೆ ಉಳಿದರೆ ಶೀಟಿನ ದುಡ್ಡು ಹುಟ್ಟಿತು. ಹಾಗಾಗಿ ಯಾರೂ ಬಂದು ಪಾಠ ಮಾಡದೆಯೂ ಒಬ್ಬರನ್ನು ನೋಡಿ ಇನ್ನೊಬ್ಬರು ಕಟ್ಟಿಕೊಂಡರು.

ಕೊಳ್ಳುವವರೇ ಇಲ್ಲದ ಕಡೆ ಹೊಸದಾಗಿ ಹುಟ್ಟಿಸಿದ್ದೂ ಉಂಟು. ಮಹಾರಾಷ್ಟ್ರದ ಔರಂಗಾಬಾದ್, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ ಸುತ್ತ ಎಸ್4ಎಸ್ ಎಂಬ ಕಂಪನಿ ಹಳ್ಳಿಯ ಹೆಂಗಸರ ಮನೆ ಹತ್ತಿರ ಸೋಲಾರ್ ಡ್ರೈಯರ್ ಇಡಿಸಿತು. ಈರುಳ್ಳಿ, ಟೊಮೆಟೊ, ಶುಂಠಿಯಂಥವನ್ನು ಅವರು ಹೆಚ್ಚಿ ಒಣಗಿಸಿ ಕೊಡುವುದು, ಕಂಪನಿಯೇ ವಾಪಸ್ ಕೊಂಡು ಆಹಾರ ತಯಾರಕರಿಗೆ ಮಾರುವುದು. 2023ರಲ್ಲಿ ಅದಕ್ಕೆ ಅರ್ಥ್‌ಶಾಟ್ ಪ್ರಶಸ್ತಿ ಬಂತು. ಅಲ್ಲಿ ಡ್ರೈಯರಿನಷ್ಟೇ ಮುಖ್ಯ ಆದದ್ದು ವಾಪಸ್ ಕೊಳ್ಳುವ ಮಾತು.

ನಮ್ಮದೇ ಬಾಕಾಹು

2021ರ ಲಾಕ್‌ಡೌನ್ ನೆನಪುಂಟಲ್ಲ? ಬಾಳೆಗೊನೆ ಕೇಳುವವರಿಲ್ಲ. ಆ ಜುಲೈಯಲ್ಲಿ ಪುತ್ತೂರಿನ ‘ಅಡಿಕೆ ಪತ್ರಿಕೆ’ ಬಾಳೆ ಕಾಯಿ ಹುಡಿ ಮಾಡುವ ಚಳವಳಿ ಎಬ್ಬಿಸಿತು. ಮೂರು ಶಬ್ದದ ಮೊದಲಕ್ಷರ ಕೂಡಿಸಿ ‘ಬಾಕಾಹು’ ಅಂತ ಹೆಸರು. ಕೇರಳದಲ್ಲಿ ಮಕ್ಕಳ ಆಹಾರಕ್ಕೆ ಕುನ್ನನ್ ಬಾಳೆಯ ಹುಡಿ ಮಾಡುವುದು ಹಳೆಯ ರೂಢಿ, ನಮ್ಮಲ್ಲಿ ಅಷ್ಟಾಗಿ ಇರ್ಲಿಲ್ಲ. ವಾಟ್ಸಾಪಿನಲ್ಲಿ ಪಾಠ, ವಾಟ್ಸಾಪಿನಲ್ಲೇ ಪರೀಕ್ಷೆ. ಶಿರಸಿಯಿಂದ ಸುಳ್ಯದವರೆಗೆ ಹೆಂಗಸರು ದೋಸೆ, ರೊಟ್ಟಿ, ಗುಲಾಬ್ ಜಾಮೂನು ಎಲ್ಲ ಮಾಡಿ ತೋರಿಸಿದರು. ಅದೇ ತಿಂಗಳು ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರ ಬಾಳೆಕಾಯಿ ಹುಡಿಯನ್ನು ಹೆಸರಿಸಿದರು.

ಆದರೆ ತಿಂಗಳು ನೋಡಿ, ಜುಲೈ. ಹೊರಗೆ ಆಟಿ ಮಳೆ. ಆ ಹೊತ್ತಿಗೆ ಸೋಲಾರ್ ಗೂಡು ನಂಬುವ ಹಾಗಿಲ್ಲ. ಅಂಥ ಸಮಯಕ್ಕೆ ಬೇಕಾದದ್ದು ಕರೆಂಟಿನದ್ದೋ ಸೌದೆಯದ್ದೋ ಡ್ರೈಯರ್. ಜನರ ಹುಮ್ಮಸ್ಸು ಬಂದದ್ದು ಮಳೆಗಾಲದಲ್ಲಿ, ಬಿಸಿಲು ಬರುವ ಹೊತ್ತಿಗೆ ಮನೆಯಲ್ಲಿ ಅಡಿಕೆ ಕೊಯ್ಲು. ಹುಡಿ ಮಾಡುವುದನ್ನು ಮುಂದುವರಿಸಿದವರು ಇದ್ದಾರೆ, ಅವರಿಗೆ ಕಾಯಂ ಗಿರಾಕಿಗಳೂ ಇದ್ದಾರೆ. ಮನೆ ಖರ್ಚಿಗೆ ಮಾಡಿ ನಿಲ್ಲಿಸಿದವರೂ ಇದ್ದಾರೆ.

ಹಾಗಾದರೆ ನಮ್ಮ ಗೂಡಿಗೆ ಎಂತ ಮಾಡಬಹುದು

ಈ ಇತಿಹಾಸವನ್ನೆಲ್ಲ ನಮ್ಮ ಅಂಗಳಕ್ಕೆ ತಂದು ನೋಡುವ. ಇಪ್ಪತ್ತು ಅಡಿಗೆ ನಲವತ್ತು ಅಡಿ ಗೂಡು ಅಂದರೆ ಸುಮಾರು 74 ಚದರ ಮೀಟರ್. ಎರಡು ಲೀಟರ್ ಬೇಡ, ಚದರ ಮೀಟರಿಗೆ ಒಂದೇ ಲೀಟರ್ ನೀರು ಹೋಗ್ತದೆ ಅಂತ ಕಡಿಮೆ ಹಿಡಿದರೂ ದಿನಕ್ಕೆ 70 ಲೀಟರ್. ಕೊನೆಯ ತೇವ ನಿಧಾನಕ್ಕೆ ಬಿಡುವುದರಿಂದ 100 ಕಿಲೋ ಹೆಚ್ಚಿದ ಬಾಳೆಕಾಯಿಗೆ ಎರಡು-ಮೂರು ಒಳ್ಳೆಯ ಬಿಸಿಲು ಅಂತ ಇಟ್ಟುಕೊಳ್ಳಬಹುದು. ಬ್ರೇಸ್ ಪೆಟ್ಟಿಗೆಗೆ ಇಲ್ಲದ ಜಾಗ ನಮ್ಮ ಹತ್ತಿರ ಈಗಾಗಲೇ ಉಂಟು. ಶೀಟಿನ ಖರ್ಚನ್ನು ಅಡಿಕೆ ತೀರಿಸಿಯೂ ಆಗಿದೆ. ಬೇರೆ ದೇಶದ ರೈತರಿಗೆ ಸಿಗದ ಅನುಕೂಲ ಇದು.

ಆದರೆ ಅಡಿಕೆಗೆ ಸಿಪ್ಪೆಯ ರಕ್ಷಣೆ ಉಂಟು, ಹೆಚ್ಚಿದ ಹಣ್ಣಿಗೆ ಇಲ್ಲ. ಹಾಗಾಗಿ ಕೆಲವು ಬದಲಾವಣೆ ಬೇಕೇ ಬೇಕು.

ಮೊದಲನೆಯದು ಗಾಳಿ. ನಮ್ಮಲ್ಲಿ ಎಷ್ಟೋ ಗೂಡುಗಳು ನಾಲ್ಕೂ ಕಡೆ ಬಿಗಿಯಾಗಿ ಮುಚ್ಚಿರ್ತವೆ. ಒಳಗೆ ಹೋದರೆ ಕನ್ನಡಕಕ್ಕೆ ಮಂಜು ಹಿಡಿಯುವಷ್ಟು ಆವಿ. ಶಾಖ ಉಂಟು, ನೀರು ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. 30 ಡಿಗ್ರಿಯಲ್ಲಿ ನೂರಕ್ಕೆ 80 ತೇವ ಇರುವ ಗಾಳಿಯನ್ನು 40 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವ 46ಕ್ಕೆ ಇಳೀತದೆ, 50 ಡಿಗ್ರಿಗೆ ಹೋದರೆ 27ಕ್ಕೆ. ಆಗ ಆ ಗಾಳಿಗೆ ನೀರು ಹೀರುವ ಶಕ್ತಿ ಬರ್ತದೆ. ಹೀರಿದ ಮೇಲೆ ಅದು ಹೊರಗೆ ಹೋಗಿ ಹೊಸ ಗಾಳಿ ಬರಬೇಕು. ಒಂದು ಬದಿಯಲ್ಲಿ ನೆಲದ ಹತ್ತಿರ ಕಿಂಡಿ, ಎದುರು ಬದಿಯಲ್ಲಿ ಮಾಡಿನ ತುದಿಗೆ ಕಿಂಡಿ, ಎರಡಕ್ಕೂ ಸೊಳ್ಳೆಬಲೆ. ಸಣ್ಣ ಪ್ಯಾನೆಲಿನ ಫ್ಯಾನು ಇಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು, ನೆಲ ಬಿಡುವುದು. ಸೊಂಟದ ಎತ್ತರಕ್ಕೆ ಸಲಾಕೆಯ ಅಟ್ಟಳಿಗೆ, ಅದರ ಮೇಲೆ ಆಹಾರಕ್ಕೆ ಬಳಸುವ ದರ್ಜೆಯ ಬಲೆ ಬಿಗಿದ ಚೌಕಟ್ಟು. ಕೆಳಗಿನಿಂದಲೂ ಗಾಳಿ ಆಡ್ತದೆ, ಬಗ್ಗಿ ಮಗುಚುವ ಕಷ್ಟ ಇಲ್ಲ. ಅಡಿಕೆಯ ಧೂಳು ಇರುವಾಗ ಅದೇ ಗೂಡಿಗೆ ತಿನ್ನುವ ವಸ್ತು ಹಾಕಬೇಡಿ. ಮೂರನೇ ಕೊಯ್ಲಿನ ಅಡಿಕೆ ಮುಗಿದ ಮೇಲೆ ಗುಡಿಸಿ ತೊಳೆದು ಶುರು ಮಾಡಿ. ಹಲಸು, ಮಾವು, ಪುನರ್ಪುಳಿ ಬರುವುದೂ ಆಗಲೇ.

ಮೂರನೆಯದು ಮೊದಲ ದಿನ. ತೆಳ್ಳಗೆ ಹೆಚ್ಚಿ, ಒಂದರ ಮೇಲೊಂದು ಬೀಳದ ಹಾಗೆ ಹರವಿ, ಬೆಳಗ್ಗೆ ಒಂಬತ್ತರ ಒಳಗೆ ಗೂಡಿಗೆ ಹೋಗಬೇಕು. ಮೊದಲ ಬಿಸಿಲಿನಲ್ಲಿ ಮೇಲಿನ ನೀರು ಹೋಗದಿದ್ದರೆ ರಾತ್ರಿಯೇ ಹುಳಿ ಬರ್ತದೆ. ಹಾಗಂತ 60 ಡಿಗ್ರಿ ದಾಟಲೂ ಬಿಡಬಾರದು. ಹೊರಗೆ ಸಿಪ್ಪೆ ಕಟ್ಟಿ ಒಳಗೆ ಹಸಿ ಉಳೀತದೆ. ನೂರಿನ್ನೂರು ರೂಪಾಯಿಯ ಥರ್ಮಾಮೀಟರ್ ಒಂದು ನೇತು ಹಾಕಿ.

ನಾಲ್ಕನೆಯದು ಸಂಜೆ. ಬಿಸಿಲು ಇಳಿದ ಮೇಲೆ ಶೀಟಿನ ಒಳಮೈಯಲ್ಲಿ ನೀರಿನ ಹನಿ ಕೂತು ಮಾಲಿನ ಮೇಲೆ ಬೀಳ್ತದೆ. ಹಗಲು ಹೋದ ತೇವ ರಾತ್ರಿ ವಾಪಸ್. ಅರ್ಧ ಒಣಗಿದ್ದನ್ನು ಸಂಜೆಯೇ ಚೌಕಟ್ಟು ಸಮೇತ ಒಳಗೆ ತಂದು ಮುಚ್ಚಿಡುವುದೇ ಸರಿ. ಪೂರ್ತಿ ಒಣಗಿದ್ದನ್ನು ಬಿಸಿ ಆರಿದ ಕೂಡಲೇ ಗಾಳಿಯಾಡದ ಡಬ್ಬಕ್ಕೆ ತುಂಬಿ.

ಬಣ್ಣ ಬೇಕಾದ ವಸ್ತುಗಳಿಗೆ ನೇರ ಬಿಸಿಲು ಆಗದು. ನುಗ್ಗೆಸೊಪ್ಪು, ಬೇವಿನಸೊಪ್ಪಿಗೆ ಗೂಡಿನೊಳಗೇ ಕಪ್ಪು ನೆರಳುಬಲೆ ಕಟ್ಟಿದರೆ ಹಸಿರು ಉಳೀತದೆ. ಕಾಳುಮೆಣಸನ್ನು ಬಿದಿರ ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಒಣಗಿಸಿದರೆ ಒಂದೇ ಥರದ ಕಪ್ಪು ಬಣ್ಣ ಬರ್ತದೆ, ಬೇಗವೂ ಒಣಗ್ತದೆ.

ಇನ್ನು ಮಾರಾಟ. ಹಳೆಯ ಕಥೆಗಳಲ್ಲಿ ಡ್ರೈಯರುಗಳು ಸತ್ತದ್ದು ಹೆಚ್ಚಾಗಿ ಇಲ್ಲೇ. ಒಂದು ಮನೆಯವರು ಹತ್ತು ಕಿಲೋ ಬಾಳೆಹುಡಿ ಹಿಡಿದುಕೊಂಡು ಅಂಗಡಿಗೆ ಹೋದರೆ ಅಂಗಡಿಯವ ಒಮ್ಮೆ ತೆಗೆದುಕೊಂಡಾನು, ಮುಂದಿನ ತಿಂಗಳು ಬೇಕು ಅಂದಾಗ ನಮ್ಮಲ್ಲಿ ಇರುವುದಿಲ್ಲ. ನಾಲ್ಕೈದು ಮನೆಯವರು ಸೇರಿ, ಒಂದೇ ಅಳತೆಯಲ್ಲಿ ಹೆಚ್ಚಿ, ಒಂದೇ ಹದಕ್ಕೆ ಒಣಗಿಸಿ, ಒಂದೇ ಹೆಸರಿನಲ್ಲಿ ಕೊಟ್ಟರೆ ಮಾತ್ರ ಗಿರಾಕಿ ನಿಲ್ಲುವುದು. ಆಹಾರ ಅಂತ ಮಾರುವುದಾದರೆ ಎಫ್.ಎಸ್.ಎಸ್.ಎ.ಐ. ನೋಂದಣಿಯೂ ಬೇಕು. ಮೈಸೂರಿನ ಸಿ.ಎಫ್.ಟಿ.ಆರ್.ಐ. 1950ರಿಂದ ಇಂಥದ್ದಕ್ಕೇ ಇರುವ ಸಂಸ್ಥೆ. ಗುಂಪಾಗಿ ಹೋದರೆ ತರಬೇತಿ ಕೇಳಲೂ ಸುಲಭ.

ಅಡಿಕೆ ಬಿಟ್ಟು ಒಣಹಣ್ಣಿಗೆ ಇಳಿಯಿರಿ ಅಂತ ನಾನು ಹೇಳುವುದಿಲ್ಲ. ಕ್ವಿಂಟಾಲಿಗೆ ಅಡಿಕೆ ಕೊಡುವ ದುಡ್ಡನ್ನು ಬಾಳೆಹುಡಿ ಕೊಡ್ಲಿಕ್ಕಿಲ್ಲ. ಆದರೆ ಮಾರ್ಚಿನಿಂದ ಮೇವರೆಗೆ ಖಾಲಿ ಇರುವ ಗೂಡು, ಕೊಳೆಯುವ ಹಲಸು, ರೇಟಿಲ್ಲದ ಬಾಳೆ ಈ ಮೂರನ್ನೂ ಒಟ್ಟಿಗೆ ಸೇರಿಸುವುದಕ್ಕೆ ಹೊಸ ಬಂಡವಾಳ ಹೆಚ್ಚು ಬೇಡ. ತೋಟ ಹೋದ ಮನೆಗಳಿಗಂತೂ ಮುಂದಿನ ಗಿಡ ಫಸಲಿಗೆ ಬರುವವರೆಗೆ ಕೈಖರ್ಚಿಗೆ ಏನಾದರೂ ಬೇಕೇ ಬೇಕು.

ಈ ಬೇಸಗೆ ಮಾಡಿ ನೋಡುವವರು ಒಂದು ಪುಸ್ತಕ ಇಡಿ. ಹಾಕುವಾಗಿನ ತೂಕ, ತೆಗೆಯುವಾಗಿನ ತೂಕ, ಎಷ್ಟು ಬಿಸಿಲು ಬೇಕಾಯ್ತು, ಗೂಡಿನೊಳಗಿನ ಶಾಖ, ಎಷ್ಟು ಹಾಳಾಯ್ತು, ಎಷ್ಟಕ್ಕೆ ಹೋಯ್ತು. ನಾಲ್ಕೈದು ಮನೆಯ ಲೆಕ್ಕ ಎದುರಿಗಿದ್ದರೆ ಮುಂದಿನ ವರ್ಷ ಯಾವ ವಸ್ತುವಿಗೆ ಕೈ ಹಾಕಬಹುದು, ಯಾವುದನ್ನು ಅಜ್ಜಿಯ ಉಪ್ಪಿನ ಭರಣಿಗೇ ಬಿಡುವುದು ಅಂತ ಕೂತು ತೀರ್ಮಾನ ಮಾಡಬಹುದು.